ಹನ್ನೆರಡು ಅಂತ ಬರೆದವಳು ನಾನೇ

ಶನಿವಾರ, ಜೂನ್ ೧೪

ಪ್ರೀತಿಯ ಅಕ್ಕಾ,

ನಮಸ್ಕಾರ. ನಿನ್ನ ಕಾಗದ ಬಂದು ಹನ್ನೊಂದು ದಿನ ಆಯ್ತು. ಉತ್ತರ ಇಲ್ಲ ಅಂತ ಬೈಕೊಂಡಿರ್ತೀಯ, ಬೈಕೋ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಫೋನ್ ಮಾಡಬಹುದಿತ್ತು, ಆದ್ರೆ ನಿನ್ನ ದನಿ ಕೇಳಿದ್ರೆ ಸುಳ್ಳು ಹೇಳಿಬಿಡ್ತೀನಿ ಅಂತ ಗೊತ್ತಿತ್ತು. ಕೂತಲ್ಲಿ ಕೂರೋಕಾಗ್ತಿಲ್ಲ ಕಣೇ. ಈಗ ಎರಡು ಸಾಲು ಬರೆದು ಎದ್ದು ಹೋಗಿ, ಒಗೆದ ಬಟ್ಟೇನೇ ಮತ್ತೆ ನೆನೆಸಿಟ್ಟು ಬಂದೆ.

ನಿನ್ನ ಮೊಣಕಾಲು ಹೇಗಿದೆ? ಭಾವ ಇನ್ನೂ ರಿಪೇರಿ ಅಂತ ಇಡೀ ಸ್ಕೂಟರ್ ಬಿಚ್ಚಿ ಹರಡ್ತಾರಾ? ಇಲ್ಲಿ ನಮ್ಮನೆಯವರಿಗೆ ಮಧ್ಯಾಹ್ನದ ಪಾಳಿ. ನನ್ನ ಮಗಳಿಗೆ ಹನ್ನೊಂದು ತುಂಬ್ತು. ಶಾಲೆಯಲ್ಲೂ ಈಗ ಅವಳನ್ನ ಅಳಿಲು ಅಂತಾನೇ ಕರೀತಾರಂತೆ.

ಸರಿ, ವಿಷಯಕ್ಕೆ ಬರ್ತೀನಿ. "ಮಗರಾಯ ಒಂದು ವಿಡಿಯೋ ಗೇಮ್ ಬೇಕು ಅಂತ ಪ್ರಾಣ ತಿಂತಿದ್ದಾನೆ. ಡಬ್ಬದ ಮೇಲೆ ಹನ್ನೆರಡು ಅಂತಿದೆ, ಅವನಿಗೂ ಹನ್ನೆರಡು. ನಿಮ್ಮ ಆಫೀಸಿನೋರೇ ಹಾಕಿರೋದಲ್ವೇನೇ, ಕೊಡಿಸ್ಲಾ?" ಅಂತ ನೀನು ಕೇಳಿದ್ದೆ. ಬೇಡ ಅಕ್ಕಾ. ಕೊಡಿಸಿಬಿಟ್ಟಿದ್ರೆ ಈಗ್ಲೇ ಎತ್ತಿಡು. ಆ ಹನ್ನೆರಡು ಬರೆದವಳು ನಾನೇ. ಅದು ಹದಿನೆಂಟು ಇರಬೇಕಿತ್ತು.

ನಮ್ಮ ಕೆಲಸ ಕೇಳೋಕೆ ಮಜಾ. ಒಂದು ಆಟ ಬಂದ್ರೆ ಮೊದಲಿಂದ ಕೊನೇವರೆಗೂ ಆಡಿ ನೋಡ್ಬೇಕು. ಆಮೇಲೆ ನಾಲ್ಕು ಪುಟದ ಫಾರಂ ತುಂಬಬೇಕು. ರಕ್ತ ಕಾಣುತ್ತಾ? ಬಿದ್ದವರು ನರಳ್ತಾರಾ? ಹೊಡೆದವನಿಗೆ ಬಹುಮಾನ ಸಿಗುತ್ತಾ? ಎಲ್ಲಾ ಟಿಕ್ ಹಾಕಿ ವಯಸ್ಸು ಬರೆಯೋದು. ಮೊದಲು ಸಿನಿಮಾ ವಿಭಾಗದಲ್ಲಿದ್ದೆ, ಸುಮ್ನೆ ಕೂತು ನೋಡಿದ್ರೆ ಆಗ್ತಿತ್ತು. ಹೋದ ವರ್ಷ ಆಟಕ್ಕೆ ಹಾಕಿದ್ರು. ಸೂಜಿಗೆ ದಾರ ಪೋಣಿಸೋಕೂ ಬಾರದ ಕೈ ನಂದು! ಎರಡನೇ ಹಂತದಲ್ಲೇ ಸತ್ತು ಬೀಳ್ತಿದ್ದೆ. ನಮ್ಮ ಆಫೀಸಿನ ಮೇಡಂ ನೋಡಿದ್ರೆ, "ತಿಂಗಳಿಗೆ ಎಂಟು ಮುಗೀಲೇಬೇಕು" ಅಂತಾರೆ. ಮನೆಗೆ ತರೋಕೆ ಶುರು ಮಾಡಿದೆ.

ಒಂದು ಭಾನುವಾರ ಅಳಿಲು ನನ್ನ ಅವಸ್ಥೆ ನೋಡಿ, "ಅಯ್ಯೋ ಅಮ್ಮಾ, ಹಾಗಲ್ಲ, ಇಲ್ಲಿ ಕೊಡು" ಅಂದ್ಳು. ಹತ್ತು ನಿಮಿಷದಲ್ಲಿ ದಾಟಿಸಿಬಿಟ್ಳು. ಅದು ಕಾರ್ ರೇಸು, ನನಗೆ ಹೆಮ್ಮೆನೇ ಆಯ್ತು. ಆಮೇಲೆ ಕತ್ತಿದು ಬಂತು, ಬಂದೂಕಿಂದು ಬಂತು, ಎಲ್ಲಾ ಅವಳ ಕೈಗೇ ಹೋಯ್ತು. ಮಕ್ಕಳು ಇದನ್ನ ಆಡಬಾರದು ಅಂತ ಬರೆಯೋಕೆ ಹೆತ್ತ ಮಗಳ ಕೈಲೇ ಆಡಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನಾನು ಪಕ್ಕದಲ್ಲೇ ಕೂತು ನೋಡ್ತಿದ್ದೀನಲ್ಲ ಅಂತ ಸಮಾಧಾನ ಮಾಡ್ಕೊಂಡೆ.

ನಿನ್ನ ಮಗ ಕೇಳಿರೋದು ಓಡೋ ಆಟ, ಹುಡುಕೋ ಆಟ. ಆದ್ರೆ ಕೊನೇ ಹಂತದಲ್ಲಿ ಒಂದು ಮನೆ ಬರುತ್ತೆ. ಮಂಚದ ಕೆಳಗೆ ಒಬ್ಬ ತಾಯಿ, ಒಂದು ಮಗು ಬಚ್ಚಿಟ್ಕೊಂಡಿರ್ತಾರೆ. ಆಡೋರು ಅವರನ್ನ ಹೊರಗೆ ಎಳೆದು... ಬೇಡ, ಬರೆಯೋಕಾಗ್ತಿಲ್ಲ. ಅದನ್ನ ಮಾಡಿದ್ರೇನೇ ಗೆದ್ದ ಹಾಗೆ. ನಾನು ತುಂಬಿದ ಫಾರಂನಲ್ಲಿ ಅದಿಲ್ಲ. ಅವಸರದಲ್ಲಿ ಬಿಟ್ಟುಹೋಯ್ತು ಅಂತ ಇಟ್ಕೋ.

ಸೋಮವಾರ ಮೇಡಂಗೆ ಎಲ್ಲಾ ಹೇಳ್ತೀನಿ. ಕೆಲಸ ಹೋಗುತ್ತೆ, ಹೋಗ್ಲಿ. ನಮ್ಮನೆಯವರು, "ಸುಮ್ನಿರೇ, ಯಾರಿಗೆ ಗೊತ್ತಾಗುತ್ತೆ? ಅಂಗಡಿಯೋನು ವಯಸ್ಸು ಕೇಳಲ್ಲ, ಯಾವ ಅಪ್ಪ ಅಮ್ಮ ಡಬ್ಬ ಓದ್ತಾರೆ?" ಅಂದ್ರು. "ನಮ್ಮಕ್ಕ ಓದ್ತಾಳೆ" ಅಂದೆ.

ನಿನ್ನ ಮಗ ಮುನಿಸಿಕೊಂಡ್ರೆ ಚಿಕ್ಕಮ್ಮನೇ ಬೇಡ ಅಂದ್ಳು ಅಂತ ಹೇಳು, ನನ್ನನ್ನೇ ಬೈಲಿ. ನೂರು ವರ್ಷ ತಣ್ಣಗಿರಲಿ ಮಗು. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಗಡಿಬಿಡಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಪಕ್ಕದಲ್ಲಿ ಕೂತು ನೋಡ್ತಿದ್ದೆ ಅಂತ ಬರೆದೆನಲ್ಲ, ಸುಳ್ಳು. ಕೂತಿದ್ದೆ, ನೋಡ್ತಿರಲಿಲ್ಲ. ರಕ್ತ ಬಂದ ಕೂಡ್ಲೇ ಕಣ್ಣು ಮುಚ್ಕೊಳ್ತಿದ್ದೆ. ಅವಳು ನೋಡಿ ಹೇಳ್ತಿದ್ಳು, ನಾನು ಟಿಕ್ ಹಾಕ್ತಿದ್ದೆ. ಆ ಮನೆ ಬಂದಾಗ, "ಏನಿದೆಯೇ ಒಳಗೆ?" ಅಂದೆ. "ಏನಿಲ್ಲಮ್ಮ, ಖಾಲಿ ಮನೆ" ಅಂದ್ಳು. ಅದನ್ನೇ ಬರ್ಕೊಂಡೆ. ನಿನ್ನ ಮಗ ಆಡ್ತಾನೆ ಅಂದ ಮೇಲೆ, ಅವಳು ಆಡಿದ್ದು ಯಂತ್ರದಲ್ಲಿ ರೆಕಾರ್ಡ್ ಆಗಿ ಉಳಿದಿತ್ತಲ್ಲ, ಅದನ್ನ ಹಾಕಿ ಮೊದಲ ಸಲ ಕಣ್ಣು ಬಿಟ್ಟು ನೋಡಿದೆ. ಎರಡು ತಿಂಗಳಿಂದ ಅವಳು ಮಂಚದ ಮೇಲೆ ಮಲಗ್ತಿಲ್ಲ ಅಕ್ಕಾ. ಸೆಕೆ ಅಂತ ನೆಲದ ಮೇಲೆ ಹಾಸ್ಕೊಳ್ತಾಳೆ, ನಾನೂ ನಂಬಿದ್ದೆ.

ನಿನ್ನೆ ಕೇಳಿದೆ, ಯಾಕೇ ಹೇಳ್ಲಿಲ್ಲ ಅಂತ. "ಹೇಳಿದ್ರೆ ನೀನು ಅಳ್ತಿದ್ದೆ" ಅಂದ್ಳು. ನಿಂಗೆ ಭಯ ಆಗ್ಲಿಲ್ವಾ ಅಂದೆ. ಚೀಲಕ್ಕೆ ಪುಸ್ತಕ ತುಂಬ್ತಾ, ನನ್ನ ಮುಖಾನೂ ನೋಡದೆ, "ಭಯ ಆಯ್ತು. ಇಬ್ರೂ ಕಣ್ಣು ಮುಚ್ಕೊಂಡ್ರೆ ಆಡೋರು ಯಾರಮ್ಮಾ?" ಅಂದ್ಳು.