ಭೋಗಿ ದಿನದ ತಂಗಡಿ ಹೂ

14-6-1942, ಕೆಲಮಂಗಲ

ಸ್ಕೂಲಿಗೆ ರಜ. ಹಿತ್ತಿಲು ಅಗೆದು ತಂಗಡಿ ಬೀಜ ಹಾಕಿದೆ. ಎರಡು ಸಾಲು. ಎಡಗಡೆ ನಮ್ಮೂರ ಕೆರೆ ಬದಿಯ ಬೀಜ. ಬಲಗಡೆ ಘಟ್ಟದ ಕೆಳಗೆ, ಕೃಷ್ಣಗಿರಿಯ ಬಂಡೆಗುಡ್ಡದ್ದು. ಮಣ್ಣು ಒಂದೇ, ನೀರು ಒಂದೇ. ಸೈಕಲ್ ತುಳಿದು ಅಷ್ಟು ದೂರದಿಂದ ತಂದದ್ದು ಯಾರು? ನಾನು. ಈ ತಾಲ್ಲೂಕಿನ ಇನ್ನೊಬ್ಬ ಸೈನ್ಸ್ ಮೇಷ್ಟ್ರು ಮಾಡಲಿ ನೋಡೋಣ.

ಎಲ್ಲಕ್ಕೂ ಕಾರಣ ಆವುಲಪ್ಪ. ನನ್ನ ಜೊತೆ ಓದಿದವನು, ಈಗ ಫಾರೆಸ್ಟ್ ರೇಂಜರ್. ಯುದ್ಧ ಬಂದ ಮೇಲೆ ಚರ್ಮ ಹದ ಮಾಡಲು ತಂಗಡಿ ತೊಗಟೆಗೆ ಎಲ್ಲಿಲ್ಲದ ಬೇಡಿಕೆ. ಕೃಷ್ಣಗಿರಿಯ ಬೋಳು ಗುಡ್ಡಗಳ ಮೇಲೆ ಬಿತ್ತಿಸುತ್ತಾನಂತೆ — ಬೀಜ ಮಾತ್ರ ನಮ್ಮ ಕೆರೆ ಬದಿಯದು, ಕೀಳಲು ಸುಲಭ ಅಂತ. ಅಲ್ಲಿ ನೆಲ ಬೇಗ ಒಣಗುತ್ತೆ, ಬೇಗ ಹೂಬಿಟ್ಟು ಕಾಯಿ ಕಟ್ಟುವ ಗಿಡವೇ ಅಲ್ಲಿ ಉಳಿದು ಬಂದಿರುವುದು, ಆ ಜಾಯಮಾನವೇ ಬೇರೆ ಅಂದೆ. "ಮಣ್ಣಿನ ಗುಣ ಕಣ್ಲಾ, ಬೀಜದ್ದಲ್ಲ" ಅಂತ ನಕ್ಕ. ಬೆಳೆಸಿ ತೋರಿಸಿದರೆ ಬೀಜ ಬದಲಾಯಿಸುತ್ತಾನಂತೆ. ತೋರಿಸದೆ ಬಿಡುವವನಲ್ಲ ನಾನು.

2-11-1942

ಗುಡ್ಡದ ಮೇಲೆ ಮೊಣಕಾಲುದ್ದ ಇದ್ದ ಗಿಡ, ಇಲ್ಲಿ ಕೆರೆ ಗಿಡಕ್ಕೆ ಸರಿಸಮ ಎದ್ದಿದೆ. ಅಂದರೆ ಎತ್ತರ ಮಣ್ಣಿನದೇ… ಆವುಲಪ್ಪನಿಗೆ ಹೇಳುವುದಿಲ್ಲ. ಎಲೆ ಮಾತ್ರ ಸಣ್ಣದಾಗೇ ಇದೆ. ಕಾಯುತ್ತೇನೆ.

30-12-1943

ಗುಡ್ಡದ ಸಾಲು ಪೂರಾ ಹಳದಿ. ಕೆರೆ ಸಾಲಿನಲ್ಲಿ ಒಂದೇ ಒಂದು ಹೂವಿಲ್ಲ. ಒಂದೇ ಹಿತ್ತಿಲು, ಒಂದೇ ಬಾವಿ ನೀರು — ಇನ್ನೇನು ಬೇಕು? ಆವುಲಪ್ಪನಿಗೆ ಹೇಳಿ ಕಳಿಸಿದೆ. ಸಂಕ್ರಾಂತಿ ಮಾರನೇ ದಿನ ಬರುತ್ತಾನೆ. ಬರಲಿ, ಅವನ ಮುಖ ನೋಡಬೇಕು.

13-1-1944, ಭೋಗಿ

ಹಾಳಾಯಿತು. ಎದ್ದು ಹಿತ್ತಿಲಿಗೆ ಹೋದರೆ ಹೂವೇ ಇಲ್ಲ. ಅವ್ವ ಬೆಳಕು ಹರಿಯುವ ಮುಂಚೆ ಕಿತ್ತು, ಬೇವಿನ ಸೊಪ್ಪಿನ ಜೊತೆ ಕಟ್ಟಿ, ಸೂರಿಗೆ ಸಿಕ್ಕಿಸಿ, ಬೀದಿಗೆಲ್ಲ ಹಂಚಿಬಿಟ್ಟಿದ್ದಾಳೆ. ಭೋಗಿಗೆ ತಂಗಡಿ ಹೂ ಸಿಕ್ಕಿಸಬೇಡವಾ ಅಂತ ನನ್ನನ್ನೇ ಕೇಳಿದಳು. ಎರಡು ವರ್ಷದ ಕೆಲಸ. ಕೂಗಾಡಿದೆ. ಊಟ ಬೇಡ ಅಂದೆ. ಅವಳೂ ಉಣ್ಣಲಿಲ್ಲ.

15-1-1944

ಆವುಲಪ್ಪ ಬಂದ. ಎರಡು ಹಸಿರು ಸಾಲು ನೋಡಿ ಹಲ್ಲು ಕಿರಿದ. ನಡೆದದ್ದು ಹೇಳಿದೆ. ನಿನ್ನ ಮಾತಿಗೆ ನೀನೇ ಸಾಕ್ಷಿಯಾ ಅಂತ ಹಂಗಿಸಿದ. ಮೈಯೆಲ್ಲ ಉರಿದುಹೋಯಿತು.

ಅವ್ವ ಹೊರಗೆ ಬಂದಳು. ಯಾವ ಸಾಲು ಎಲ್ಲಿಯದು ಅಂತ ಅವಳಿಗೆ ಗೊತ್ತೇ ಇಲ್ಲ — ಹೇಳಿದರೆ ಇವಳಿಗೇನು ತಿಳಿಯುತ್ತೆ ಅಂತ ನಾನು ಹೇಳೇ ಇರಲಿಲ್ಲ. ಅದು ಆವುಲಪ್ಪನಿಗೂ ಗೊತ್ತು. ಎಲ್ಲಿ ಕಿತ್ತಿರಿ ಅಂತ ಕೇಳಿದ. ಸೀದಾ ಬಲಗಡೆ, ಗುಡ್ಡದ ಸಾಲಿಗೆ ಹೋಗಿ ನಿಂತಳು.

"ಎಲ್ಲಾ ಇದ್ರಾಗೇ ಕಣಪ್ಪ. ಆ ಸಾಲ್ನಾಗೆ ಹೂವಿದ್ದಿದ್ರೆ ಬುಡ್ತಿದ್ನಾ? ಬೀದಿಗೆ ಸಾಲ್ದೆ ಪಕ್ಕದ್ಮನೆ ಪಿಳ್ಳಮ್ಮನ ಹಿತ್ಲಿಗೂ ಹೋದೆ."

ಆವುಲಪ್ಪ ಕುಕ್ಕರಗಾಲಲ್ಲಿ ಕೂತು ಗಿಡ ಗಿಡ ನೋಡಿದ. ಬಲಗಡೆ ತುಂಬ ಕಿತ್ತ ತೊಟ್ಟುಗಳು. ಎಡಗಡೆ ಕೈಯಿಟ್ಟ ಗುರುತೇ ಇಲ್ಲ, ಮೊಗ್ಗು ಈಗಷ್ಟೇ ಮೂಡುತ್ತಿದೆ. ಕೈಯ ಮಣ್ಣು ಕೊಡವಿಕೊಂಡು ಎದ್ದ.

"ಬೀಜದ್ದೇ ಕಣ್ಲಾ."

ಗುಡ್ಡಕ್ಕೆ ಗುಡ್ಡದ ಬೀಜವೇ ಬಿತ್ತಿಸುತ್ತಾನೆ. ಕೆರೆ ಬೀಜವನ್ನೂ ಒಂದು ತುಂಡು ನೆಲಕ್ಕೆ ಹಾಕಿ ನೋಡುತ್ತಾನಂತೆ. ನೋಡಲಿ.

20-8-1944

ಆವುಲಪ್ಪ ಹೇಳಿ ಕಳಿಸಿದ್ದ. ಅವ್ವನನ್ನೂ ಕರಕೊಂಡು ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಮಸಿ ಮೆತ್ತಿಕೊಂಡು ಕೃಷ್ಣಗಿರಿಗೆ ಹೋಗಿ ಬಂದೆ. ಬಂಡೆಯ ಸಂದಿಸಂದಿಯಲ್ಲೂ ತಂಗಡಿ ಸಸಿ. ಕೆರೆ ಬೀಜದ ತುಂಡಿನಲ್ಲಿ ಹುಟ್ಟಿದ್ದೆಲ್ಲ ಹೆಚ್ಚುಕಮ್ಮಿ ಒಣಗಿದೆ. ಅವ್ವ ಬಗ್ಗಿ ಒಂದೊಂದು ಸಸಿಯನ್ನೂ ಮುಟ್ಟಿ ನೋಡಿದಳು.

ದೊಡ್ಡ ಆಫೀಸರ್ ಬಂದಿದ್ದರು. ಇದು ತಿಳಿದದ್ದು ಯಾರಿಂದ ಅಂತ ಕೇಳಿದರು. ರುಮಾಲು ಸರಿಮಾಡಿಕೊಂಡು ಮುಂದೆ ಬಂದೆ. ಆವುಲಪ್ಪ ಅವ್ವನನ್ನು ತೋರಿಸಿ ಭೋಗಿ ದಿನದ ಕಥೆ ಪೂರಾ ಹೇಳಿದ. ಆಫೀಸರ್ ನಗಲಿಲ್ಲ. ಅವಳಿಗೆ ಕೈಮುಗಿದರು. ನನಗೆ ಒಂದು ಗಳಿಗೆ ಹೊಟ್ಟೆಕಿಚ್ಚಾದದ್ದು ನಿಜ. ಅವ್ವ ಗಾಬರಿಯಾಗಿ ಸೆರಗು ಎಳೆದುಕೊಂಡು ನನ್ನ ಹಿಂದೆ ಬಂದು ನಿಂತಳು.

ಆಮೇಲೆ ನನ್ನ ಕಡೆ ತಿರುಗಿ, ತಾವು ಯಾರು ಅಂದರು. ಸ್ಕೂಲು, ಪಾಸು ಮಾಡಿದ್ದು, ಎರಡು ವರ್ಷದ ಕೆಲಸ — ಒಂದೂ ನಾಲಿಗೆಗೆ ಬರಲಿಲ್ಲ.

ಇವರ ಮಗ, ಅಂದೆ. ಅಷ್ಟು ಹೆಮ್ಮೆಯಿಂದ ನಾನು ಈ ಜನ್ಮದಲ್ಲಿ ಯಾವತ್ತೂ —