ನೆರಳು ಬೀಳದ ದಿನ

೧೯೩೮ ಜೂನ್ ೧೪, ಮಂಗಳವಾರ

ಇವತ್ತು ಮಧ್ಯಾಹ್ನದವರೆಗೆ ಶಾಲೆಗೆ ಒಂದು ಮಗುವೂ ಬರಲಿಲ್ಲ.

ಊರಲ್ಲಿ ಯಾರ ಮನೆಯಲ್ಲೂ ಗಡಿಯಾರವಿಲ್ಲ; ಮಕ್ಕಳು ನಸುಕಿನಲ್ಲೇ ಬಂದು ಶಾಲೆಯ ಬಾಗಿಲು ಬಡಿಯುತ್ತಿದ್ದವು. ಅದಕ್ಕೇ ಮೊನ್ನೆ ತಾಯಿತಂದೆಯರನ್ನು ಕರೆಸಿ, ಗರುಡಗಂಬದ ನೆರಳು ಬಾವಿಕಟ್ಟೆ ಮುಟ್ಟಿದಾಗ ಮಕ್ಕಳನ್ನು ಕಳಿಸಿ, ಅದಕ್ಕೆ ಮುಂಚೆ ಬೇಡವೇ ಬೇಡ ಎಂದು ಗದರಿ ಹೇಳಿದ್ದವನು ನಾನೇ. ಇವತ್ತು ಬೆಳಗಿನಿಂದ ಮೋಡ.

ಸಿಟ್ಟಿನಲ್ಲಿ ತಿಪ್ಪಮ್ಮನ ಮನೆಗೆ ಹೋದೆ. ಅವಳ ಹೆಣ್ಣುಮಕ್ಕಳಿಬ್ಬರೂ ತಲೆ ಬಾಚಿಕೊಂಡು, ಸ್ಲೇಟು ಹಿಡಿದು ಜಗಲಿಯ ಮೇಲೆ ಕೂತಿದ್ದರು.

"ನೆರಳೇ ಬಿದ್ದಿಲ್ಲ ಮೇಷ್ಟ್ರೇ, ಹೆಂಗೆ ಕಳಿಸಾಕೆ ಆಗ್ತೈತೆ? ಮುಂಚೆ ಬ್ಯಾಡ ಅಂದೋರು ನೀವೇ ಅಲ್ಲೇನ್ರಿ?" ಎಂದಳು.

ಇಬ್ಬರನ್ನೂ ಕರೆದುಕೊಂಡು ಮುಂದಿನ ಮನೆಗೆ ನಡೆದೆ. ಎಲ್ಲ ಮನೆಗಳ ಜಗಲಿಯ ಮೇಲೂ ಮಕ್ಕಳು ಹಾಗೇ ಕಾದು ಕೂತಿದ್ದವು. ಒಬ್ಬೊಬ್ಬರನ್ನೇ ಕರೆತಂದು ಕಾಲು ಸೋತಿದೆ.

ಈಗಲೂ ಹೊರಗೆ ಒಂದು ನಕ್ಷತ್ರ ಕಾಣುತ್ತಿಲ್ಲ. ನಾಳೆಯೂ ನಾನೇ ಮನೆಮನೆಗೆ... ಮಳೆಗಾಲ ಈಗಿನ್ನೂ ಶುರು.