ಯಾವ ಬಾಟಲಿ ಗೆದ್ದಿತು

ಖಾಯ್,

ಇವತ್ತು ನಮ್ಮ ಪ್ರಯೋಗದ ಫಲಿತಾಂಶ ಬಂತು. ಡೆಂಗಿ ಬಂದು ನಾಡಿ ಕುಸಿದ ಮಕ್ಕಳಿಗೆ ಡ್ರಿಪ್ಪಿನಲ್ಲಿ ಕೊಡಲು ನೀನು ನಂಬಿದ ಮಂದ ದ್ರವ ಒಳ್ಳೆಯದೋ, ನಾನು ಹಟ ಹಿಡಿದ ಬರೀ ಸಲೈನೋ ಎಂದು ಎಷ್ಟು ಜಗಳವಾಡಿದೆವು! ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಮಕ್ಕಳು ಬದುಕಿದ್ದಾರೆ.

ಸುದ್ದಿ ತಿಳಿದು ಸುಮ್ಮನೆ ವಾರ್ಡಿಗೆ ಹೋದೆ. ಕಿಟಕಿಯಾಚೆ ಮೆಕಾಂಗ್ ನದಿ ಮಂಜಿನಲ್ಲಿ ಕರಗಿಹೋಗಿತ್ತು. ಡ್ರಿಪ್ಪಿನ ಹನಿಗಳು ನಿದ್ದೆಗಣ್ಣಿನಲ್ಲಿ ಇಳಿಯುತ್ತಿರುವಂತೆ ಕಂಡವು. ನಿನ್ನೆ ಕೈಕಾಲು ತಣ್ಣಗಾಗಿದ್ದ ಪುಟ್ಟ ಹುಡುಗಿ ಕಣ್ಣುಬಿಟ್ಟು, "ಅಮ್ಮಾ, ಕಬ್ಬಿನ ಹಾಲು ಬೇಕು" ಅಂದಳು.

"ಯಾವ ಬಾಟಲಿ ಗೆದ್ದಿತು ಡಾಕ್ಟ್ರಮ್ಮಾ?" ನರ್ಸ್ ಶ್ವೆನ್ ಕೇಳಿದಳು.

"ಎರಡೂ ಒಂದೇ ಕಣೇ."

"ಅಯ್ಯೋ, ಇಷ್ಟಕ್ಕಾ ನೀವಿಬ್ರೂ ಮಾತು ಬಿಟ್ಟಿದ್ದು? ಖಾಯ್ ಡಾಕ್ಟ್ರು ಬದುಕಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು."

ನಾನು ಹುಡುಗಿಯ ಪಾದ ಮುಟ್ಟಿದೆ. ಬೆಚ್ಚಗಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ.